ಗೊತ್ತಿದ್ದೂ ಆಡದ ಮಾತು

ತಂಡವಾಗಿ ದುಡಿಯುವವರ ಮನಸ್ಸು ಹೇಗೆ ನಡೆಯುತ್ತದೆ ಎಂಬುದನ್ನು ತೀರ ಹತ್ತಿರದಿಂದ ನೋಡಲು ಸಾಧ್ಯವಾದ ಜಾಗಗಳಲ್ಲಿ ವಿಮಾನದ ಕಾಕ್‌ಪಿಟ್ ಒಂದು. ಅಲ್ಲಿ ಆಡಿದ ಮಾತು ಧ್ವನಿಮುದ್ರಣವಾಗುತ್ತದೆ. ಕಚೇರಿಯಲ್ಲೋ ಕಾರ್ಖಾನೆಯಲ್ಲೋ ಒಂದು ತೀರ್ಮಾನ ಕೆಟ್ಟರೆ ಯಾರು ಏನು ಹೇಳಿದ್ದರು, ಯಾರು ಸುಮ್ಮನಿದ್ದರು ಎಂಬುದು ನಾಲ್ಕು ದಿನದಲ್ಲಿ ಕಲಸಿಹೋಗುತ್ತದೆ. ತಮಗೆ ಮೊದಲೇ ಅನುಮಾನವಿತ್ತು ಎಂದು ಎಲ್ಲರೂ ಹೇಳತೊಡಗುತ್ತಾರೆ. ಕಾಕ್‌ಪಿಟ್ಟಿನ ದಾಖಲೆಯಲ್ಲಿ ಮಾತಿನ ಜೊತೆಗೆ ಮೌನವೂ ಸೆಕೆಂಡುಗಳ ಲೆಕ್ಕದಲ್ಲಿ ಉಳಿದಿರುತ್ತದೆ. ಮುಂದಾಳುತನದ ಬಗ್ಗೆ ಮನಶ್ಶಾಸ್ತ್ರ ಕಳೆದ ಅರ್ಧ ಶತಮಾನದಲ್ಲಿ ಕಲಿತದ್ದರಲ್ಲಿ ಒಂದು ಪಾಲು ಈ ಮೌನವನ್ನು ಓದಿ ಕಲಿತದ್ದು.

1977ರ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ಕೆನರಿ ದ್ವೀಪಗಳಲ್ಲಿ, ಲಾಸ್ ಪಾಲ್ಮಾಸ್ ವಿಮಾನ ನಿಲ್ದಾಣದಲ್ಲಿ ಬಾಂಬ್ ಸಿಡಿಯಿತು. ಅಲ್ಲಿಳಿಯಬೇಕಿದ್ದ ವಿಮಾನಗಳನ್ನು ಪಕ್ಕದ ಟೆನೆರಿಫ್ ದ್ವೀಪದ ಚಿಕ್ಕ ನಿಲ್ದಾಣಕ್ಕೆ ಕಳಿಸಿದರು. ಅವುಗಳಲ್ಲಿ ಎರಡು ಜಂಬೋ ಜೆಟ್‌ಗಳಿದ್ದವು: ಡಚ್ಚರ ಕೆಎಲ್‌ಎಂ, ಅಮೆರಿಕದ ಪ್ಯಾನ್ ಆಮ್. ಮಧ್ಯಾಹ್ನವೆಲ್ಲ ಕಾಯುವುದರಲ್ಲೇ ಕಳೆಯಿತು. ಹೊರಡುವ ಹೊತ್ತಿಗೆ ಮಂಜು ಕವಿದು, ರನ್‌ವೇಯ ಒಂದು ತುದಿಯಿಂದ ಇನ್ನೊಂದು ತುದಿ ಕಾಣದಾಯಿತು. ಕೆಎಲ್‌ಎಂ ಸಿಬ್ಬಂದಿಯ ಕೆಲಸದ ಅವಧಿಯ ಮಿತಿ ಹತ್ತಿರವಾಗುತ್ತಿತ್ತು. ಅದರ ಕ್ಯಾಪ್ಟನ್ ಯಾಕೋಬ್ ವೆಲ್ಡ್‌ಹೌಜೆನ್ ವಾನ್ ಜಾಂಟೆನ್ ಸಾಮಾನ್ಯ ಪೈಲಟ್ ಆಗಿರಲಿಲ್ಲ. ಸಂಸ್ಥೆಯ ಜಂಬೋ ತರಬೇತಿಯ ಮುಖ್ಯಸ್ಥರು ಅವರು. ಪಕ್ಕದಲ್ಲಿ ಕುಳಿತಿದ್ದ ಸಹ ಪೈಲಟ್‌ಗೆ ಜಂಬೋ ಹಾರಿಸುವ ಅರ್ಹತಾ ಪರೀಕ್ಷೆ ನಡೆಸಿದವರೂ ಅವರೇ.

ರನ್‌ವೇಯ ತುದಿಯಲ್ಲಿ ವಿಮಾನ ತಿರುಗಿ ನಿಂತ ಕೂಡಲೇ ಕ್ಯಾಪ್ಟನ್ ಎಂಜಿನ್ ವೇಗ ಏರಿಸತೊಡಗಿದರು. ಅನುಮತಿ ಇನ್ನೂ ಬಂದಿಲ್ಲವೆಂದು ಸಹ ಪೈಲಟ್ ಹೇಳಿದರು. ಕ್ಯಾಪ್ಟನ್, ಅದು ಗೊತ್ತು, ಕೇಳಿ ಎಂದರು. ಕಂಟ್ರೋಲ್ ಟವರ್‌ನಿಂದ ಬಂದದ್ದು ಹಾರಿದ ಮೇಲೆ ಹಿಡಿಯಬೇಕಾದ ದಾರಿಯ ವಿವರ ಮಾತ್ರ. ಹಾರಲು ಅನುಮತಿ ಅದರಲ್ಲಿರಲಿಲ್ಲ. ಆ ವಿವರವನ್ನು ಸಹ ಪೈಲಟ್ ಓದಿ ಒಪ್ಪಿಸುತ್ತಿರುವಾಗಲೇ ವಿಮಾನ ಓಡಲು ಶುರುವಾಯಿತು. ಈ ಸಲ ಸಹ ಪೈಲಟ್ ಕ್ಯಾಪ್ಟನ್ನರನ್ನು ತಡೆಯಲಿಲ್ಲ. ಪ್ಯಾನ್ ಆಮ್ ವಿಮಾನ ಅದೇ ರನ್‌ವೇಯ ಮೇಲೆ ಎದುರಿಗೇ ಬರುತ್ತಿತ್ತು. ರೇಡಿಯೊದಲ್ಲಿ ಅದರ ಮಾತು ಕಿವಿಗೆ ಬಿದ್ದ ಫ್ಲೈಟ್ ಎಂಜಿನಿಯರ್, ಆ ವಿಮಾನ ರನ್‌ವೇ ಬಿಟ್ಟು ಹೋಗಿಲ್ಲವೇ ಎಂದು ಕೇಳಿದರು. ಹೋಗಿದೆ ಎಂದು ಕ್ಯಾಪ್ಟನ್ ಒತ್ತಿ ಹೇಳಿದರು. ಅಲ್ಲಿಗೆ ಆ ಮಾತು ಮುಗಿಯಿತು. ಕೆಲವೇ ಸೆಕೆಂಡುಗಳಲ್ಲಿ ಎರಡೂ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ವಿಮಾನಯಾನದ ಚರಿತ್ರೆಯಲ್ಲಿ ಅದಕ್ಕಿಂತ ದೊಡ್ಡ ಅಪಘಾತ ಇಂದಿಗೂ ಆಗಿಲ್ಲ.

ಮಂಜು, ಬಾಂಬು, ಒಂದರ ಮೇಲೊಂದು ಬಿದ್ದು ಅಸ್ಪಷ್ಟವಾದ ರೇಡಿಯೊ ಮಾತು: ಕಾರಣಗಳು ಹಲವಿದ್ದವು. ಆದರೆ ಮನಶ್ಶಾಸ್ತ್ರಜ್ಞರ ಗಮನ ಹೋದದ್ದು ಕಾಕ್‌ಪಿಟ್ಟಿನ ಒಳಗಿನ ಎರಡು ಕ್ಷಣಗಳತ್ತ. ಒಮ್ಮೆ ತಿದ್ದಿದ ಕಿರಿಯ ಎರಡನೆಯ ಸಲ ಬಾಯಿ ಬಿಡಲಿಲ್ಲ. ಸರಿಯಾದ ಅನುಮಾನ ಬಂದವರು ಅದನ್ನು ಪ್ರಶ್ನೆಯಾಗಿ ಕೇಳಿದರು, ಉತ್ತರ ಬಂದ ಮೇಲೆ ಸುಮ್ಮನಾದರು. ಹಿರಿಯರನ್ನು ಒಂದೇ ಗಳಿಗೆಯಲ್ಲಿ ಎರಡು ಸಲ ತಿದ್ದುವುದು ಎಷ್ಟು ಕಷ್ಟ ಎಂಬುದನ್ನು ಕೈಕೆಳಗೆ ಕೆಲಸ ಮಾಡಿದ ಯಾರಿಗೂ ವಿವರಿಸಬೇಕಾಗಿಲ್ಲ.

ಮರುವರ್ಷ, 1978ರ ಡಿಸೆಂಬರ್ 28ರಂದು, ಅಮೆರಿಕದ ಪೋರ್ಟ್‌ಲ್ಯಾಂಡ್ ಬಳಿ ಯುನೈಟೆಡ್ ಸಂಸ್ಥೆಯ ವಿಮಾನವೊಂದು ಇಂಧನ ಮುಗಿದು ಬಿತ್ತು. ಇಳಿಯುವ ಚಕ್ರಗಳಲ್ಲಿ ದೋಷ ಕಂಡಿದ್ದರಿಂದ ಕ್ಯಾಪ್ಟನ್ ಸುಮಾರು ಒಂದು ಗಂಟೆ ಊರಿನ ಸುತ್ತ ಹಾರಿಸುತ್ತಾ ತುರ್ತು ಇಳಿಕೆಗೆ ಸಿದ್ಧತೆ ಮಾಡುತ್ತಿದ್ದರು. ಇಂಧನ ಕಡಿಮೆಯಾಗುತ್ತಿದೆ ಎಂಬ ಮಾತು ಉಳಿದಿಬ್ಬರ ಬಾಯಲ್ಲಿ ಬಂದಿತ್ತು, ಆದರೆ ಆತಂಕದ ಧಾಟಿಯಲ್ಲಿ ಬರಲಿಲ್ಲ. ಸತ್ತ ಹತ್ತು ಜನರಲ್ಲಿ ಫ್ಲೈಟ್ ಎಂಜಿನಿಯರ್ ಕೂಡ ಒಬ್ಬರು. ಸಿಬ್ಬಂದಿಯ ಎಚ್ಚರಿಕೆಗೆ ಕ್ಯಾಪ್ಟನ್ ಸ್ಪಂದಿಸದಿದ್ದುದು ಕಾರಣವೆಂದೂ, ತಮ್ಮ ಕಳವಳವನ್ನು ಮುಟ್ಟಿಸಲು ಆ ಇಬ್ಬರಿಗೆ ಆಗದಿದ್ದುದು ಅದಕ್ಕೆ ಸೇರಿಕೊಂಡಿತೆಂದೂ ತನಿಖಾ ಮಂಡಳಿ ಬರೆಯಿತು. ಹೇಳುವುದು ಬೇರೆ, ಮುಟ್ಟಿಸುವುದು ಬೇರೆ ಎಂಬ ತಿಳಿವು ಇಲ್ಲಿಂದ ಮುಂದಿನ ಅಧ್ಯಯನಗಳಿಗೆಲ್ಲ ಅಡಿಪಾಯವಾಯಿತು.

ಅದೇ ಮಂಡಳಿ 1994ರಲ್ಲಿ, 1978ರಿಂದ 1990ರವರೆಗೆ ಸಿಬ್ಬಂದಿಯ ತಪ್ಪಿನಿಂದ ಆದ 37 ದೊಡ್ಡ ಅಪಘಾತಗಳನ್ನು ಒಟ್ಟಿಗೆ ಇಟ್ಟು ನೋಡಿತು. ಕ್ಯಾಪ್ಟನ್ ಮತ್ತು ಸಹ ಪೈಲಟ್ ಸಾಮಾನ್ಯವಾಗಿ ಸರದಿಯ ಮೇಲೆ ವಿಮಾನ ನಡೆಸುತ್ತಾರೆ. ಆದರೂ ಈ ಅಪಘಾತಗಳಲ್ಲಿ ಶೇಕಡ 80ಕ್ಕಿಂತ ಹೆಚ್ಚಿನವು ಆದದ್ದು ವಿಮಾನ ಕ್ಯಾಪ್ಟನ್ನರ ಕೈಯಲ್ಲಿದ್ದಾಗ. ಅನುಭವ ಹೆಚ್ಚಿದ್ದವರ ಕೈಯಲ್ಲಿ ಅಪಘಾತ ಹೆಚ್ಚು! ಒಪ್ಪತಕ್ಕ ವಿವರಣೆ ಒಂದೇ: ಕಿರಿಯರು ತಪ್ಪಿದಾಗ ಹಿರಿಯರು ತಕ್ಷಣ ತಿದ್ದುತ್ತಾರೆ, ಹಿರಿಯರು ತಪ್ಪಿದಾಗ ತಿದ್ದುವವರ ನಾಲಿಗೆ ತಡವರಿಸುತ್ತದೆ. ಕಾಕ್‌ಪಿಟ್ಟಿನಲ್ಲಿ ಎರಡು ಜೊತೆ ಕಣ್ಣು ಇರಿಸಿದ್ದು ಒಬ್ಬರ ತಪ್ಪು ಇನ್ನೊಬ್ಬರಿಗೆ ಕಾಣಲಿ ಎಂದು. ಕಂಡದ್ದು ಬಾಯಿಗೆ ಬಾರದಿದ್ದರೆ ಆ ಎರಡನೆಯ ಜೊತೆ ಕಣ್ಣಿನಿಂದ ಪ್ರಯೋಜನವಿಲ್ಲ.

ಈ ಮೌನವನ್ನು ಹೇಡಿತನ ಎನ್ನುವುದು ಅನ್ಯಾಯ. 1951ರಲ್ಲಿ ಸಾಲೊಮನ್ ಆಶ್ ನಡೆಸಿದ ಪ್ರಯೋಗ ಇದಕ್ಕೆ ಸಾಕ್ಷಿ. ಗೆರೆಗಳ ಉದ್ದ ಹೋಲಿಸುವ ಸುಲಭದ ಕೆಲಸದಲ್ಲಿ, ಮೊದಲೇ ಮಾತಾಡಿಕೊಂಡಿದ್ದ ಉಳಿದವರೆಲ್ಲ ಬೇಕೆಂದೇ ತಪ್ಪು ಉತ್ತರ ಕೊಟ್ಟಾಗ, ಪರೀಕ್ಷೆಗೆ ಒಳಗಾದವರು ಸುಮಾರು ಮೂರರಲ್ಲಿ ಒಂದು ಸಲ ತಮ್ಮ ಕಣ್ಣನ್ನು ಬಿಟ್ಟು ಗುಂಪನ್ನು ನಂಬಿದರು. ಅಲ್ಲಿ ಹಿರಿಯರಿರಲಿಲ್ಲ, ಬೈಗುಳವಿರಲಿಲ್ಲ, ಕೆಲಸ ಹೋಗುವ ಭಯವಿರಲಿಲ್ಲ. ಇದಕ್ಕಿಂತ ಉಪಯುಕ್ತವಾದದ್ದು ಆಶ್ ಅವರ ಮುಂದಿನ ಪ್ರಯೋಗ: ಗುಂಪಿನಲ್ಲಿ ಇನ್ನೊಬ್ಬರು, ಕೇವಲ ಒಬ್ಬರು, ಸರಿಯುತ್ತರ ಹೇಳಿದರೂ ಗುಂಪಿಗೆ ತಲೆಬಾಗುವುದು ಬಹುಪಾಲು ನಿಂತುಹೋಯಿತು.

ಇನ್ನೊಂದು ಅಡ್ಡಿ ಇನ್ನೂ ಸೂಕ್ಷ್ಮ. 1985ರಲ್ಲಿ ಗ್ಯಾರಲ್ಡ್ ಸ್ಟಾಸರ್ ಮತ್ತು ವಿಲಿಯಂ ಟೈಟಸ್ ಅವರು ಸಣ್ಣ ಗುಂಪುಗಳಿಗೆ ಮೂವರು ಅಭ್ಯರ್ಥಿಗಳಲ್ಲಿ ಒಬ್ಬರನ್ನು ಆರಿಸಲು ಕೊಟ್ಟರು. ಮಾಹಿತಿಯನ್ನು ಉಪಾಯವಾಗಿ ಹಂಚಿದ್ದರು: ಕೆಲವು ಸಂಗತಿಗಳು ಎಲ್ಲರಿಗೂ ಗೊತ್ತು, ಉತ್ತಮ ಅಭ್ಯರ್ಥಿಯ ಪರವಾದ ಅಂಶಗಳು ಮಾತ್ರ ಒಬ್ಬೊಬ್ಬರ ಬಳಿ ಒಂದೊಂದು. ಅವನ್ನೆಲ್ಲ ಮೇಜಿನ ಮೇಲಿಟ್ಟಿದ್ದರೆ ಆಯ್ಕೆ ಸುಲಭವಿತ್ತು. ಗುಂಪುಗಳು ಹಾಗೆ ಮಾಡಲಿಲ್ಲ. ಎಲ್ಲರಿಗೂ ಗೊತ್ತಿದ್ದುದನ್ನೇ ಮತ್ತೆ ಮತ್ತೆ ಚರ್ಚಿಸಿ ಹೆಚ್ಚಿನವು ತಪ್ಪು ಆಯ್ಕೆಗೆ ಬಂದವು. ಎಲ್ಲರಿಗೂ ತಿಳಿದದ್ದನ್ನು ಹೇಳಿದರೆ ಸುತ್ತಲಿನವರು ತಲೆಯಾಡಿಸುತ್ತಾರೆ, ಹೇಳಿದವರು ಜಾಣರಂತೆ ಕಾಣುತ್ತಾರೆ. ಒಬ್ಬರಿಗೇ ಗೊತ್ತಿರುವುದನ್ನು ಹೇಳಿದರೆ ಸಮರ್ಥಿಸುವವರು ಇರುವುದಿಲ್ಲ. ಸಭೆಯಲ್ಲಿ ಅಧ್ಯಕ್ಷರು ಮೊದಲು ತಮ್ಮ ಅಭಿಪ್ರಾಯ ಹೇಳಿಬಿಟ್ಟರಂತೂ ಒಂಟಿ ಸಂಗತಿಗಳು ಬಾಯೊಳಗೇ ಉಳಿಯುತ್ತವೆ. ಹಾಗಾಗಿ ಮುಂದಾಳು ಕೊನೆಗೆ ಮಾತಾಡುವುದು ವಿನಯದ ಪ್ರದರ್ಶನವಲ್ಲ, ಮಾಹಿತಿ ಕೂಡಿಸುವ ವಿಧಾನ.

ಹಿರಿಯರಿಗೆ ಎದುರಾಡದಿರುವುದು ನಮ್ಮ ದೇಶದಂಥ ಕಡೆಗಳ ರೋಗ ಎಂಬ ಮಾತು ಆಗಾಗ ಕೇಳಿಬರುತ್ತದೆ. ಟೆನೆರಿಫ್‌ನಲ್ಲಿ ಸುಮ್ಮನಾದವರು ಡಚ್ಚರು. ನೇರ ಮಾತಿಗೆ ಯುರೋಪಿನಲ್ಲೇ ಹೆಸರಾದ ಜನ. ಸಂಸ್ಕೃತಿಯ ಪ್ರಭಾವ ಇಲ್ಲವೆಂದಲ್ಲ. ಹಿಮಾಲಯ ಏರಿದ ಐದು ಸಾವಿರಕ್ಕೂ ಹೆಚ್ಚು ತಂಡಗಳ ದಾಖಲೆಗಳನ್ನು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮೇಲು ಕೀಳಿನ ಶ್ರೇಣಿಗೆ ಹೆಚ್ಚು ಬೆಲೆ ಕೊಡುವ ದೇಶಗಳ ತಂಡಗಳಲ್ಲಿ ಶಿಖರ ಮುಟ್ಟಿದವರೂ ಹೆಚ್ಚು, ಸತ್ತವರೂ ಹೆಚ್ಚು ಎಂದು ಕಂಡಿತು. ಒಬ್ಬಂಟಿಯಾಗಿ ಹೋದವರಲ್ಲಿ ಈ ವ್ಯತ್ಯಾಸ ಇರಲಿಲ್ಲ. ಒಬ್ಬರ ಆಜ್ಞೆಗೆ ಎಲ್ಲರೂ ನಡೆದರೆ ಒಗ್ಗಟ್ಟು ಬರುತ್ತದೆ, ವೇಗ ಬರುತ್ತದೆ. ಹವೆ ಕೆಡುತ್ತಿದೆ ಎಂದು ಹಿಂದಿನವರು ಕೂಗಬೇಕಾದಾಗ ಅದೇ ಶಿಸ್ತು ಕುತ್ತಿಗೆಗೆ ಬರುತ್ತದೆ.

ಪೋರ್ಟ್‌ಲ್ಯಾಂಡಿನ ದುರಂತದ ನಂತರ, 1979ರಲ್ಲಿ ಅಮೆರಿಕದ ನಾಸಾ ಸಂಸ್ಥೆ ಈ ವಿಷಯದ ಮೇಲೆ ಕಮ್ಮಟ ನಡೆಸಿತು. 1981ರಲ್ಲಿ ಯುನೈಟೆಡ್ ತನ್ನ ಪೈಲಟ್‌ಗಳಿಗೆ ಹೊಸ ತರಬೇತಿ ಆರಂಭಿಸಿತು. ಇಂದು ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್ ಎಂಬ ಹೆಸರಿನಲ್ಲಿ ಇದು ಜಗತ್ತಿನ ವಿಮಾನ ಸಂಸ್ಥೆಗಳಿಗೆಲ್ಲ ಹಬ್ಬಿದೆ. ಕಿರಿಯರಿಗೆ ಸುಳಿವು ಕೊಡುವುದನ್ನು ಬಿಟ್ಟು ನೇರವಾಗಿ ಹೇಳುವುದನ್ನೂ, ಹಿರಿಯರಿಗೆ ಕೇಳಿ ತಿಳಿಯುವುದನ್ನೂ ಇದು ಅಭ್ಯಾಸ ಮಾಡಿಸುತ್ತದೆ. 1989ರ ಜುಲೈ 19ರಂದು ಇದೇ ಯುನೈಟೆಡ್‌ನ ಒಂದು ವಿಮಾನದ ಬಾಲದ ಎಂಜಿನ್ ಒಡೆದು, ವಿಮಾನದ ನಿಯಂತ್ರಣಕ್ಕೆ ಬೇಕಾದ ಹೈಡ್ರಾಲಿಕ್ ವ್ಯವಸ್ಥೆ ಮೂರಕ್ಕೆ ಮೂರೂ ಬರಿದಾದವು. ಕ್ಯಾಪ್ಟನ್ ಆಲ್ ಹೇನ್ಸ್, ಪ್ರಯಾಣಿಕರ ಸಾಲಿನಲ್ಲಿ ಕುಳಿತಿದ್ದ ತರಬೇತಿ ಪೈಲಟ್ ಡೆನ್ನಿಸ್ ಫಿಚ್ ಅವರನ್ನು ಒಳಗೆ ಕರೆಸಿಕೊಂಡರು. ಉಳಿದೆರಡು ಎಂಜಿನ್‌ಗಳ ಬಲವನ್ನು ಹೆಚ್ಚುಕಡಿಮೆ ಮಾಡುತ್ತಲೇ ಕಾಕ್‌ಪಿಟ್ಟಿನಲ್ಲಿದ್ದ ನಾಲ್ವರೂ ಸೇರಿ ವಿಮಾನವನ್ನು ಸೂ ಸಿಟಿಯ ರನ್‌ವೇ ತನಕ ತಂದರು. 296 ಜನರಲ್ಲಿ 184 ಮಂದಿ ಬದುಕಿದರು. ಅಂಥ ಪರಿಸ್ಥಿತಿಗೆ ಯಾರಿಗೂ ತರಬೇತಿ ಇರಲಿಲ್ಲ, ಆದ್ದರಿಂದ ಉಳಿದವರಿಗಿಂತ ತಮಗೆ ಹೆಚ್ಚು ಗೊತ್ತೆಂದು ಭಾವಿಸಲು ಕಾರಣವೇ ಇರಲಿಲ್ಲ ಎಂಬುದು ಹೇನ್ಸ್ ಮುಂದೆ ಅನೇಕ ಭಾಷಣಗಳಲ್ಲಿ ಕೊಟ್ಟ ವಿವರಣೆ.

ಕಿರಿಯರಿಗೆ ಮಾತು ಕಲಿಸಿದರೆ ಅರ್ಧ ಕೆಲಸ ಮಾತ್ರ ಆಗುತ್ತದೆ ಎಂಬುದನ್ನು ಕರ್ನಾಟಕ ಕಂಡದ್ದು 2010ರ ಮೇ 22ರ ಬೆಳಗಿನ ಜಾವ, ಮಂಗಳೂರಿನ ಬಜ್ಪೆಯಲ್ಲಿ. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಇರಬೇಕಾದ್ದಕ್ಕಿಂತ ಬಹಳ ಎತ್ತರದಲ್ಲಿ ನಿಲ್ದಾಣ ಸಮೀಪಿಸಿ, ಗುಡ್ಡದ ಮೇಲಿನ ರನ್‌ವೇಯಲ್ಲಿ ತೀರ ಮುಂದಕ್ಕೆ ನೆಲ ಮುಟ್ಟಿ, ಕೊನೆ ದಾಟಿ ಕಣಿವೆಗೆ ಉರುಳಿತು. 166 ಜನರಲ್ಲಿ ಬದುಕಿದವರು ಎಂಟೇ ಮಂದಿ. ಪ್ರಯಾಣದಲ್ಲಿ ಕ್ಯಾಪ್ಟನ್ ಬಹಳ ಹೊತ್ತು ನಿದ್ರಿಸಿದ್ದರೆಂಬುದು ಧ್ವನಿಮುದ್ರಣದಿಂದ ತಿಳಿಯಿತು. ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹ ಪೈಲಟ್ ಮೂರು ಸಲ ಹೇಳಿದ್ದರು, ಯಂತ್ರವೂ ಎಚ್ಚರಿಸಿತ್ತು. ಅದನ್ನೆಲ್ಲ ಮೀರಿ ಕ್ಯಾಪ್ಟನ್ ಇಳಿಸಲು ಹೋದದ್ದೇ ನೇರ ಕಾರಣವೆಂದು ತನಿಖಾ ನ್ಯಾಯಾಲಯ ನಿರ್ಣಯಿಸಿತು. ಇಲ್ಲಿ ಮಾತು ಬಂತು, ಸ್ಪಷ್ಟವಾಗಿಯೇ ಬಂತು. ಕೇಳುವ ಕಡೆ ಬಾಗಿಲು ಮುಚ್ಚಿತ್ತು. ಗುರಿ ಕಣ್ಣೆದುರಿಗೆ ಬಂದಾಗ ಹಿಡಿದ ಯೋಜನೆ ಬಿಡಲು ಮನಸ್ಸು ಒಪ್ಪುವುದಿಲ್ಲ. ಆಯಾಸವಾದಷ್ಟೂ ಆ ಹಟ ಬಲಿಯುತ್ತದೆ. ಆ ಗಳಿಗೆಯಲ್ಲಿ ಮುಂದಾಳಿನ ವಿವೇಕವನ್ನು ನೆಚ್ಚಿ ಕೂರಲಾಗದು ಎಂಬ ಅರಿವಿನಿಂದಲೇ, ಮತ್ತೆ ಮೇಲೇರಿದ ಪೈಲಟ್‌ನನ್ನು ತಪ್ಪಿತಸ್ಥನಂತೆ ಕಾಣಬಾರದೆಂಬ ನಿಯಮವನ್ನು ಅನೇಕ ವಿಮಾನ ಸಂಸ್ಥೆಗಳು ಮಾಡಿಕೊಂಡಿವೆ.

ಇದೇ ಪ್ರಶ್ನೆ ಆಸ್ಪತ್ರೆಗಳಲ್ಲಿ ಬೇರೆ ದಾರಿಯಿಂದ ಬಂತು. 1990ರ ದಶಕದಲ್ಲಿ ಹಾರ್ವರ್ಡ್‌ನ ಸಂಶೋಧಕಿ ಏಮಿ ಎಡ್ಮಂಡ್‌ಸನ್, ಒಳ್ಳೆಯ ತಂಡಗಳಲ್ಲಿ ಔಷಧ ಕೊಡುವಾಗ ತಪ್ಪು ಕಡಿಮೆ ಇರುತ್ತದೆ ಎಂಬ ನಿರೀಕ್ಷೆಯಲ್ಲಿ ವಾರ್ಡುಗಳ ಲೆಕ್ಕ ತೆಗೆದರು. ಒಳ್ಳೆಯ ಮುಂದಾಳಿದ್ದ ತಂಡಗಳಲ್ಲೇ ತಪ್ಪಿನ ಸಂಖ್ಯೆ ಹೆಚ್ಚು ಕಂಡಿತು. ಅವರು ತಂದ ವಿವರಣೆ ಇಂದು ಈ ಕ್ಷೇತ್ರದ ಮೂಲ ಪಾಠವಾಗಿದೆ: ಅಲ್ಲಿ ತಪ್ಪು ಹೆಚ್ಚು ಆಗುತ್ತಿರಲಿಲ್ಲ, ಆದ ತಪ್ಪು ಹೊರಗೆ ಬರುತ್ತಿತ್ತು. ಬೇರೆ ವಾರ್ಡುಗಳ ದಾದಿಯರು ಬೈಗುಳಕ್ಕೆ ಹೆದರಿ ಮುಚ್ಚಿಡುತ್ತಿದ್ದರು. ತಪ್ಪು ಒಪ್ಪಿಕೊಂಡರೂ, ಪ್ರಶ್ನೆ ಕೇಳಿದರೂ ಅವಮಾನವಾಗದು ಎಂಬ ತಂಡದ ಸಮಾನ ನಂಬಿಕೆಗೆ ಎಡ್ಮಂಡ್‌ಸನ್ 1999ರ ಲೇಖನದಲ್ಲಿ ಮಾನಸಿಕ ಸುರಕ್ಷತೆ ಎಂಬ ಹೆಸರನ್ನು ಬಳಸಿದರು. ಇದು ಸಲಿಗೆಯಲ್ಲ, ಕೆಲಸದ ಮಟ್ಟ ತಗ್ಗಿಸುವ ಔದಾರ್ಯವೂ ಅಲ್ಲ.

ಇಂಥ ನಂಬಿಕೆಯನ್ನು ಸುತ್ತೋಲೆ ಹೊರಡಿಸಿ ತರಲಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಶಸ್ತ್ರಚಿಕಿತ್ಸೆಗೆಂದು 19 ಅಂಶಗಳ ಪಟ್ಟಿಯೊಂದನ್ನು ರೂಪಿಸಿದೆ. ಚರ್ಮ ಕೊಯ್ಯುವ ಮುನ್ನ ಕೋಣೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು, ಕೆಲಸ ಹೇಳಬೇಕೆಂಬುದು ಅದರಲ್ಲಿ ಒಂದು. ಒಮ್ಮೆ ಬಾಯಿ ಬಿಟ್ಟವರಿಗೆ ಮುಂದೆ ಆತಂಕ ಹೇಳುವುದು ಸುಲಭವಾಗುತ್ತದೆ. ದೆಹಲಿಯೂ ಸೇರಿ ಎಂಟು ನಗರಗಳಲ್ಲಿ ಪ್ರಯೋಗಿಸಿದಾಗ ಸಾವಿನ ಪ್ರಮಾಣ ಶೇಕಡ 1.5ರಿಂದ 0.8ಕ್ಕೆ ಇಳಿಯಿತೆಂದು 2009ರಲ್ಲಿ ವರದಿಯಾಯಿತು. ಕೆನಡಾದ ಒಂಟಾರಿಯೊ ಪ್ರಾಂತ್ಯ ಅದನ್ನು ಆಸ್ಪತ್ರೆಗಳಿಗೆ ಕಡ್ಡಾಯಗೊಳಿಸಿದಾಗ ಗಮನಾರ್ಹ ಇಳಿಕೆ ಕಾಣಲಿಲ್ಲ ಎಂದು 2014ರ ಅಧ್ಯಯನ ತಿಳಿಸಿತು. ಪಟ್ಟಿಯ ಮೇಲೆ ಗುರುತು ಹಾಕುವುದು ಒಂದು ಕ್ರಿಯೆ, ಶಸ್ತ್ರವೈದ್ಯರು ನಿಂತು ದಾದಿಯ ಮಾತು ಕೇಳುವುದು ಇನ್ನೊಂದು ಎಂದು ಬಹಳ ಜನ ಅದನ್ನು ಅರ್ಥಮಾಡಿಕೊಂಡರು.

ಎಡ್ಮಂಡ್‌ಸನ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ, ಎದೆಯನ್ನು ಪೂರ್ತಿ ತೆರೆಯದೆ ಮಾಡುವ ಹೃದಯ ಶಸ್ತ್ರಚಿಕಿತ್ಸೆಯ ಹೊಸ ವಿಧಾನವನ್ನು ಕಲಿಯುತ್ತಿದ್ದ 16 ಆಸ್ಪತ್ರೆಗಳದು. ಆಸ್ಪತ್ರೆಯ ಹೆಸರಾಗಲಿ, ಶಸ್ತ್ರವೈದ್ಯರ ಸೇವಾ ಹಿರಿತನವಾಗಲಿ ಕಲಿಕೆಯ ವೇಗವನ್ನು ನಿರ್ಧರಿಸಲಿಲ್ಲ. ತಂಡದವರನ್ನು ಎಚ್ಚರದಿಂದ ಆರಿಸಿಕೊಂಡು, ಇದು ತಮಗೂ ಹೊಸದು, ಕಂಡದ್ದನ್ನು ಹೇಳದಿದ್ದರೆ ಕೆಲಸ ಸಾಗದು ಎಂದು ಮೊದಲೇ ತಿಳಿಸಿದ ವೈದ್ಯರ ತಂಡಗಳು ಉಳಿದವಕ್ಕಿಂತ ಬೇಗ ಕಲಿತವು.