ಗೆಲ್ಲದ ತಂಡದ ಮೇಲೆ ನಮಗೇಕೆ ಮಮತೆ?

ಆಟದ ಕತೆ ಹೇಳುವ ಧಾರಾವಾಹಿಗೆ ಒಂದು ತೊಡಕಿದೆ. ನಿಜವಾದ ಪಂದ್ಯದಲ್ಲಿ ಮುಂದೇನಾಗುತ್ತದೆ ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಧಾರಾವಾಹಿಯ ಪಂದ್ಯದಲ್ಲಿ ಗೋಲು ಬೀಳುವುದೂ ಬೀಳದಿರುವುದೂ ಬರೆದವರ ಕೈಯಲ್ಲಿದೆ. ಹಾಗಿದ್ದೂ ಜನ ಅಂಥ ಕತೆಗಳನ್ನು ಬಿಡದೆ ನೋಡುತ್ತಾರೆ, ನಗುತ್ತಾರೆ, ಮುಗಿದ ಮೇಲೆ ಮನಸ್ಸು ಹಗುರಾಯಿತು ಎನ್ನುತ್ತಾರೆ. ಕೊನೆಗೆ ಸಿಗುವ ಗೆಲುವೇ ಇದಕ್ಕೆ ಕಾರಣವೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಬಹುಕಾಲ ನೆನಪಿನಲ್ಲಿ ಉಳಿದ ಕತೆಗಳನ್ನು ಬಿಡಿಸಿ ನೋಡಿದರೆ, ಸೋತವನನ್ನು ಜೊತೆಯವರು ಹೇಗೆ ನಡೆಸಿಕೊಂಡರು ಎಂಬುದೇ ಅವುಗಳ ಜೀವಾಳ.

ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ದೂರದರ್ಶನದಲ್ಲಿ ಬಂದು ಸುಮಾರು ನಾಲ್ಕು ದಶಕಗಳಾದವು. ಮಾಸ್ಟರ್ ಮಂಜುನಾಥ್ ಅಭಿನಯದ ಸ್ವಾಮಿ ಇಂದಿಗೂ ನಮ್ಮ ಮನೆಯ ಹುಡುಗನೇ. ಆ ಕತೆಗೆ ಮೂಲವಾದ ಆರ್. ಕೆ. ನಾರಾಯಣರ 1935ರ ಕಾದಂಬರಿಯಲ್ಲಿ ಹುಡುಗರು ಕ್ರಿಕೆಟ್ ತಂಡ ಕಟ್ಟುತ್ತಾರೆ. ಕೈಯಲ್ಲಿ ಕಾಸಿಲ್ಲದೆ ಮದ್ರಾಸಿನ ಅಂಗಡಿಗೆ ಬ್ಯಾಟು ಕಳಿಸಿಕೊಡಿ ಎಂದು ಕಾಗದ ಬರೆಯುತ್ತಾರೆ. ಅಷ್ಟೆಲ್ಲ ನಗಿಸಿದ ಮೇಲೆ, ಹೆಡ್‌ಮಾಸ್ಟರರಿಗೆ ಹೆದರಿ ಊರು ಬಿಟ್ಟ ಸ್ವಾಮಿ ಮುಖ್ಯ ಪಂದ್ಯಕ್ಕೇ ಬರುವುದಿಲ್ಲ. ತಂಡ ಸೋಲುತ್ತದೆ, ಗೆಳೆಯ ರಾಜಮ್ ಮಾತು ಬಿಡುತ್ತಾನೆ. ಪಂದ್ಯದ ಸೋಲು ನಮ್ಮನ್ನು ಅಷ್ಟಾಗಿ ಕಾಡುವುದಿಲ್ಲ. ಆ ಮುನಿಸು ಕಾಡುತ್ತದೆ.

ದೂರದ ಉದಾಹರಣೆಯೂ ಇದನ್ನೇ ಹೇಳುತ್ತದೆ. ಕೊರೋನಾದ ದಿನಗಳಲ್ಲಿ, 2020ರ ಆಗಸ್ಟಿನಲ್ಲಿ, ‘ಟೆಡ್ ಲಾಸೊ’ ಎಂಬ ಇಂಗ್ಲಿಷ್ ಧಾರಾವಾಹಿ ಆರಂಭವಾಯಿತು. ನಮ್ಮ ಫುಟ್‌ಬಾಲಿನ ಗಂಧಗಾಳಿಯಿಲ್ಲದ ಟೆಡ್ ಎಂಬ ಅಮೆರಿಕದ ಕೋಚ್ ಒಬ್ಬ ಲಂಡನ್ನಿನ ತಂಡವೊಂದಕ್ಕೆ ತರಬೇತುದಾರನಾಗಿ ಬರುತ್ತಾನೆ. ತಂಡ ಹಾಳಾಗಲಿ ಎಂದೇ ಒಡತಿ ಅವನನ್ನು ಕರೆಸಿಕೊಂಡಿರುತ್ತಾಳೆ. ಮೊದಲ ಸರಣಿಯ ಕೊನೆಗೆ ತಂಡ ಸೋತು ಕೆಳಗಿನ ದರ್ಜೆಗೆ ಜಾರುತ್ತದೆ. ಆದರೂ ಆ ಸರಣಿ 2021ರಲ್ಲಿ ಅತ್ಯುತ್ತಮ ಹಾಸ್ಯ ಧಾರಾವಾಹಿಯ ಎಮ್ಮಿ ಪ್ರಶಸ್ತಿ ಗಳಿಸಿತು. ತಂಡ ಸೋಲುವಷ್ಟರಲ್ಲಿ ಒಡತಿ ತನ್ನ ಕಪಟವನ್ನು ಅವನೆದುರು ಒಪ್ಪಿಕೊಂಡಿದ್ದಳು, ಅವನು ಕ್ಷಮಿಸಿದ್ದ. ನೋಡುವವರಿಗೆ ಅದೇ ದೊಡ್ಡ ಫಲಿತಾಂಶವಾಯಿತು.

ಇದಕ್ಕೆ ಆಕ್ಷೇಪಗಳಿವೆ. ‘ಚಕ್ ದೇ ಇಂಡಿಯಾ’ ಎಂಬ ಹಾಕಿ ಸಿನಿಮಾದಲ್ಲಿ ನಮ್ಮ ಹುಡುಗಿಯರು ಗೆದ್ದದ್ದಕ್ಕೇ ಅಲ್ಲವೇ ಜನ ಚಪ್ಪಾಳೆ ತಟ್ಟಿದ್ದು ಎನ್ನಬಹುದು. ನಿಜ, ಗೆಲುವಿನ ಸವಿ ಸುಳ್ಳಲ್ಲ. ಆದರೆ ಬೇರೆ ಬೇರೆ ರಾಜ್ಯಗಳಿಂದ ಬಂದು ಒಬ್ಬರನ್ನೊಬ್ಬರು ಸಹಿಸದಿದ್ದವರು ಒಂದಾಗದೆ ಹೋಗಿದ್ದರೆ ಆ ಕಪ್ಪಿಗೆ ಬೆಲೆಯೇ ಇರುತ್ತಿರಲಿಲ್ಲ. ಇನ್ನು ಕೆಲವರು, ಇದೆಲ್ಲ ಸಕ್ಕರೆ ಸವರಿದ ಕನಸು, ನಿಜವಾದ ಕ್ರೀಡೆ ನಿರ್ದಯಿ ಎನ್ನುತ್ತಾರೆ. ಒಳ್ಳೆಯ ಧಾರಾವಾಹಿ ಆ ನಿರ್ದಯತೆಯನ್ನು ಮುಚ್ಚಿಡುವುದಿಲ್ಲ. ಟೆಡ್ ತಾನೇ ಬೆಳೆಸಿದ ಸಹಾಯಕನಿಂದ ದ್ರೋಹಕ್ಕೊಳಗಾಗುತ್ತಾನೆ. ಎಲ್ಲರನ್ನೂ ನಗಿಸುವ ಅವನೇ ಒಳಗೊಳಗೆ ಆತಂಕದಿಂದ ನಲುಗುತ್ತಾನೆ. ಯಕ್ಷಗಾನದ ಹಾಸ್ಯಗಾರ ಪ್ರಸಂಗದ ದುಃಖವನ್ನು ಅಳಿಸುವುದಿಲ್ಲ, ಅದನ್ನು ತಾಳಿಕೊಳ್ಳುವ ಶಕ್ತಿಯನ್ನು ಪ್ರೇಕ್ಷಕರಿಗೆ ಕೊಡುತ್ತಾನೆ. ಇಲ್ಲಿನ ನಗುವಿನ ಕೆಲಸವೂ ಅದೇ.

ಸೋತವರನ್ನು ಹೇಗೆ ನಡೆಸಿಕೊಳ್ಳಬೇಕೆಂಬ ಈ ಮಾತು ಮಂಗಳೂರಿಗೆ ಹತ್ತಿರದ್ದು. ನೆಹರೂ ಮೈದಾನದ ಕ್ರಿಕೆಟ್ಟು, ಊರೂರಿನ ಹೊನಲು ಬೆಳಕಿನ ಕಬಡ್ಡಿ, ಅಂಡರ್‌ಆರ್ಮ್ ಪಂದ್ಯಾಟ ಇವೆಲ್ಲ ನಮ್ಮ ರಜಾದಿನಗಳನ್ನು ತುಂಬಿವೆ. ಯಾವ ಪಂದ್ಯಾಟದಲ್ಲೂ ಟ್ರೋಫಿ ಎತ್ತುವುದು ಒಂದೇ ತಂಡ. ಉಳಿದವರೆಲ್ಲ ಸೋತೇ ಮನೆಗೆ ಹೋಗುವವರು. ಹಾಗಾದರೆ ಆಟ ಬಹುಪಾಲು ಜನರಿಗೆ ಕಲಿಸುವುದು ಸೋಲನ್ನೇ. ಆ ಪಾಠ ಹಿತವಾಗುವುದೋ ಕಹಿಯಾಗುವುದೋ ಎಂಬುದು ಕ್ಯಾಚು ಬಿಟ್ಟ ಹುಡುಗನಿಗೆ ನಾಯಕನೂ ಕೋಚೂ ಅಪ್ಪ ಅಮ್ಮನೂ ಆಡುವ ಮಾತನ್ನು ಅವಲಂಬಿಸಿದೆ. ಪರದೆಯ ಮೇಲೆ ಅಂಥ ಮಾತು ಕೇಳಿ ಕಣ್ಣು ತುಂಬಿಕೊಳ್ಳುವ ನಾವು ಮೈದಾನದಲ್ಲೂ ಅದನ್ನು ಆಡಬಲ್ಲೆವು. ಅದಕ್ಕೆ ಕತೆಗಾರನೇನೂ ಬೇಕಾಗಿಲ್ಲ.