ಚಿತ್ರದ ಕೆಳಗಿನ ಸಾಲು

(ಪತ್ರಿಕಾ ಛಾಯಾಗ್ರಾಹಕರಾಗಬೇಕೆಂಬ ಅಭಿಲಾಷೆಯುಳ್ಳ ತರುಣರಿಗಾಗಿ ನಮ್ಮ ಉಚಿತ ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ನಾವು ಮಾತುಗಾರರಲ್ಲ. ನಾಲ್ವತ್ತು ವರ್ಷ ಮುಖಕ್ಕೆ ಕ್ಯಾಮೆರಾ ಅಡ್ಡ ಹಿಡಿದುಕೊಂಡು ಬದುಕಿದವರಿಗೆ, ಹೀಗೆ ಏನೂ ಅಡ್ಡವಿಲ್ಲದೆ ಹತ್ತು ಜನರ ಮುಂದೆ ನಿಲ್ಲುವುದು ಸಂಕೋಚದ ಸಂಗತಿ. ಕಾರ್ಯದರ್ಶಿಗಳು ಮೂರು ಸಲ ಮನೆಗೆ ಬಂದರು. ಮೂರನೆಯ ಸಲ, ನಾವು ಒಪ್ಪದಿದ್ದರೆ ಚಹ ಮುಟ್ಟುವುದಿಲ್ಲವೆಂದು ಹಟ ಹಿಡಿದುದರಿಂದ ಇಲ್ಲಿಗೆ ಬರಬೇಕಾಯಿತು.

ತರುಣರು ಮೊದಲೇ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕೊಟ್ಟಿದ್ದಾರೆ. ಹದಿನಾಲ್ಕು ಚೀಟಿಗಳಲ್ಲಿ ಒಂಬತ್ತರಲ್ಲಿ ಒಂದೇ ಪ್ರಶ್ನೆ: ಯಾವ ಕ್ಯಾಮೆರಾ ಕೊಳ್ಳಬೇಕು? ಇದಕ್ಕೆ ಉತ್ತರ ಬೇಗ ಮುಗಿಯುತ್ತದೆ. ನಿಮ್ಮ ಕಿಸೆಯಲ್ಲಿ ಏನಿದೆಯೋ ಅದು ಸಾಕು. ಹೋಮಾಯಿ ವ್ಯಾರಾವಾಲಾ ಅವರ ಕಾಲದ ರೋಲಿಫ್ಲೆಕ್ಸಿನಲ್ಲಿ ಒಂದು ಸುರುಳಿಗೆ ಹನ್ನೆರಡೇ ಚಿತ್ರ. ಆ ಹನ್ನೆರಡರಲ್ಲಿ ಅವರು ಕಂಡುದನ್ನು ಇಂದು ಹನ್ನೆರಡು ಸಾವಿರ ಚಿತ್ರ ಹಿಡಿಯುವ ಫೋನಿನಲ್ಲಿ ನಾವು ಕಾಣುತ್ತಿಲ್ಲವಾದರೆ, ಕೊರತೆ ಯಂತ್ರದ್ದಲ್ಲ.

ಹೋಮಾಯಿಯವರ ಹೆಸರು ಬಂದಿತಲ್ಲ, ಅವರದೊಂದು ಸಂಗತಿ ಹೇಳಿಬಿಡುತ್ತೇವೆ. 1913ರಲ್ಲಿ ಗುಜರಾತಿನ ನವಸಾರಿಯಲ್ಲಿ ಹುಟ್ಟಿ, ಈ ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಓದಿ, 1942ರಲ್ಲಿ ದಿಲ್ಲಿಗೆ ಹೋದವರು ಅವರು. ಸೀರೆಯುಟ್ಟು, ಸೈಕಲ್ಲೇರಿ, ಹೆಗಲಿಗೆ ಕ್ಯಾಮೆರಾ ಹಾಕಿಕೊಂಡು ಕೆಲಸ ಮಾಡುತ್ತಿದ್ದರು. 1948ರ ಜನವರಿ 30ರಂದು ಗಾಂಧೀಜಿಯವರ ಪ್ರಾರ್ಥನಾ ಸಭೆಗೆಂದು ಹೊರಟಿದ್ದವರು, ಮರುದಿನ ಇಬ್ಬರೂ ಕೂಡಿ ಹೋಗೋಣವೆಂದು ಪತಿ ಹೇಳಿದುದರಿಂದ ಹಿಂದಿರುಗಿದರು. ಆ ಮರುದಿನ ಬರಲಿಲ್ಲ. ಅದರ ಕೊರಗು ಅವರಿಗೆ ಕಡೆಯವರೆಗೂ ಇದ್ದಿತು. ಇಂದು ಹೋಗಬೇಕಾದ ಕಡೆಗೆ ಇಂದೇ ಹೋಗಿ ಎಂದು ನಿಮಗೆ ಯಾರಾದರೂ ಹೇಳಿಯಾರು; ನಾವು ಅದನ್ನು ಬೆಳೆಸುವುದಿಲ್ಲ. ಹೋದ ಮೇಲೆ ಏನು ಮಾಡಬೇಕು, ಅದನ್ನು ಹೇಳಲು ಬಂದಿದ್ದೇವೆ.

ನಮಗೆ ಈ ಹುಚ್ಚು ಹಿಡಿಸಿದವರು ಮೈಸೂರಿನ ಟಿ. ಎಸ್. ಸತ್ಯನ್ನರು. 1923ರಲ್ಲಿ ಹುಟ್ಟಿ, 2009ರಲ್ಲಿ ತೀರಿಕೊಂಡರು. 1948ರಲ್ಲಿ ಡೆಕ್ಕನ್ ಹೆರಾಲ್ಡ್ ಆರಂಭವಾದಾಗ ಅದರಲ್ಲಿದ್ದರು. ಆಮೇಲೆ ಇಲ್ಲಿಯ ಇಲಸ್ಟ್ರೇಟೆಡ್ ವೀಕ್ಲಿಗೆ ದುಡಿದರು. ಮುಂದೆ ಯಾರ ನೌಕರಿಯೂ ಬೇಡವೆಂದು ಸ್ವತಂತ್ರವಾಗಿ ನಿಂತರು. 1977ರಲ್ಲಿ ಪದ್ಮಶ್ರೀ ಬಂದಿತು. 1979ರಲ್ಲಿ, ಅಂತಾರಾಷ್ಟ್ರೀಯ ಮಕ್ಕಳ ವರ್ಷದ ನಿಮಿತ್ತ, ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನವನ್ನು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡದಲ್ಲಿ ಯುನಿಸೆಫ್ ಏರ್ಪಡಿಸಿತ್ತು. ಇಷ್ಟಾದರೂ ಅವರ ಚಿತ್ರಗಳಲ್ಲಿ ನಿಮಗೆ ಕಾಣುವವರು ಯಾರು? ಹಳ್ಳಿಯ ಶಾಲೆಯ ಹುಡುಗರು, ಜಗಲಿಯ ಮೇಲಿನ ಮುದುಕರು, ಸಂತೆಗೆ ಬಂದವರು. ಅವರು ಹೆದರಿಕೊಂಡು ನಿಂತಿಲ್ಲ, ಹಲ್ಲು ಕಿರಿದೂ ನಿಂತಿಲ್ಲ. ತಮ್ಮ ಪಾಡಿಗೆ ತಾವಿದ್ದಾರೆ. ಹೀಗೆ ಇರಬೇಕಾದರೆ ಚಿತ್ರ ತೆಗೆಯುವವನು ಅವರೊಡನೆ ಮೊದಲು ಮಾತನಾಡಿರಬೇಕು, ಅಲ್ಲವೇ? ಸತ್ಯನ್ನರು ಇಂಗ್ಲಿಷಿನಲ್ಲಿಯೂ ಕನ್ನಡದಲ್ಲಿಯೂ ಬರೆಯಬಲ್ಲವರಾಗಿದ್ದರು. ಅವರ 'ಕಾಲಕ್ಕೆ ಕನ್ನಡಿ'ಯನ್ನು ನೀವು ಓದಬೇಕು. ಚಿತ್ರ ತೆಗೆಯುವವನಿಗೆ ಬರವಣಿಗೆಯೇಕೆ ಎಂಬ ಉದಾಸೀನ ನಮ್ಮ ಕಾಲದಲ್ಲಿ ಬಹಳ ಜನಕ್ಕಿತ್ತು. ನಮಗೂ ಇತ್ತು. ಅದರ ಫಲವನ್ನು ನಾವೂ ಉಂಡೆವು, ನಮಗಿಂತ ಹೆಚ್ಚಾಗಿ ಇನ್ನೊಬ್ಬರು ಉಂಡರು.

1982ರ ಮಾತು. ಆ ವರ್ಷ ಜನವರಿ 18ರಿಂದ ಮುಂಬಯಿಯ ಬಟ್ಟೆ ಗಿರಣಿಗಳ ಮುಷ್ಕರ ಆರಂಭವಾಯಿತು. ಡಾಕ್ಟರ್ ದತ್ತಾ ಸಾಮಂತರ ನೇತೃತ್ವ. ಎರಡು ಲಕ್ಷಕ್ಕೂ ಮೀರಿ ಕಾರ್ಮಿಕರು. ಲಾಲಬಾಗ, ಪರಳಗಳಲ್ಲಿ ಭೋಂಗಾ ಕೂಗುವುದು ನಿಂತು, ಬೆಳಗಾದುದೇ ತಿಳಿಯದಂತಾಗಿತ್ತು. ನಾವು ಆಗ ಒಂದು ಪತ್ರಿಕೆಯಲ್ಲಿ ಹೊಸದಾಗಿ ಸೇರಿದ್ದೆವು. ಒಂದು ತಿಂಗಳ ಮೇಲೆ, ಒಂದು ಗಿರಣಿಯ ಬಾಗಿಲಲ್ಲಿ ಬೆಳಗಿನ ಎಳೆಬಿಸಿಲಿಗೆ ಒಬ್ಬ ಮನುಷ್ಯ ಒಳಗೆ ಹೋಗುತ್ತಿದ್ದುದನ್ನು ಕಂಡೆವು. ಬಗಲಲ್ಲಿ ಊಟದ ಡಬ್ಬಿ, ತಲೆ ತಗ್ಗಿದೆ, ಬೆನ್ನ ಹಿಂದೆ ಖಾಲಿ ಬೀದಿ, ಪಕ್ಕಕ್ಕೆ ಲಾಠಿ ಹಿಡಿದ ಪೋಲೀಸನೊಬ್ಬನ ನೆರಳು. ಮೂರು ಸಲ ಒತ್ತಿದೆವು. ಕತ್ತಲೆ ಕೋಣೆಯಲ್ಲಿ ಪ್ರಿಂಟು ಮೇಲೆದ್ದು ಬರುವಾಗ ನಮಗೆ ನಾವೇ ಶಹಬಾಸ್ ಹೇಳಿಕೊಂಡೆವು.

ಮರುದಿನ ಅದು ಮೂರು ಅಂಕಣದ ಅಗಲಕ್ಕೆ ಮುದ್ರಿತವಾಯಿತು. ಕೆಳಗೆ ಒಂದು ಸಾಲು: ಮುಷ್ಕರ ಮುರಿದು ಕೆಲಸಕ್ಕೆ ಮರಳಿದ ಕಾರ್ಮಿಕ. ಆ ಸಾಲನ್ನು ಬರೆದವರು ನಾವಲ್ಲ, ಕಚೇರಿಯಲ್ಲಿ ಕುಳಿತವರು. ಆದರೆ ಅವರು ಬಂದು ಕೇಳಿದಾಗ, 'ಗಿರಣಿಗೆ ಹೋಗುತ್ತಿದ್ದ' ಎಂದಷ್ಟೇ ಹೇಳಿದವರು ನಾವು. ಅಷ್ಟೇ ಅಲ್ಲ, ಆ ಸಂಜೆ ಇದೇ ವಾಚನಾಲಯಕ್ಕೆ ಬಂದು, ಇದೇ ಮೇಜಿನ ಮೇಲೆ ಪತ್ರಿಕೆಯನ್ನು ಹರವಿ, ಇದು ನಾವು ತೆಗೆದ ಚಿತ್ರ ನೋಡಿ ಎಂದು ಹತ್ತು ಜನರಿಗೆ ತೋರಿಸಿದೆವು.

ನಾಲ್ಕನೆಯ ದಿನ ಆ ಮನುಷ್ಯ ನಮ್ಮನ್ನು ಹುಡುಕಿಕೊಂಡು ಇಲ್ಲಿಗೇ ಬಂದ. ವಿಜಾಪುರದ ಕಡೆಯವನು. ಆಗಾಗ ಇಲ್ಲಿಗೆ ಬಂದು ಕನ್ನಡ ಪತ್ರಿಕೆ ಓದುತ್ತಿದ್ದನಂತೆ. ನಾವು ನೋಡಿಯೇ ಇರಲಿಲ್ಲ.

"ಈ ಫೋಟೋ ತಗದಾವ್ರು ನೀವ ಏನ್ರಿ?" ಎಂದ.

ಹೌದೆಂದೆವು.

"ನೀ ಯಾರಪಾ, ಎಲ್ಲಿಗೆ ಹೊಂಟೀ ಅಂತ ಒಂದ ಮಾತ ಕೇಳಿದ್ರ ನಿಮಗೇನ ಹೋಗತಿತ್ರಿ?"

ಅವನು ಕೆಲಸಕ್ಕೆ ಹೋಗಿರಲಿಲ್ಲ. ಮುಷ್ಕರಕ್ಕೆ ಮೊದಲು ದುಡಿದ ಹದಿನೇಳು ದಿನದ ಪಗಾರ ಬಾಕಿಯಿತ್ತು. ಅದನ್ನು ಕೇಳಲು ಹೋಗಿದ್ದ. ಅಲ್ಲಿಂದ ಹಮಾಲಿಗೆ ಹೋಗಬೇಕಾಗಿದ್ದುದರಿಂದ ಡಬ್ಬಿ ಜೊತೆಗಿತ್ತು. ಚಾಳದಲ್ಲಿ ಪತ್ರಿಕೆಯನ್ನು ಎಲ್ಲರೂ ನೋಡಿದ್ದರು. ನಳದ ಸರತಿಯಲ್ಲಿ ಅವನ ಹೆಂಡತಿಯ ಕೊಡವನ್ನು ಯಾರೋ ಹಿಂದಕ್ಕೆ ಸರಿಸಿದರು. ಮಗನನ್ನು ಆಟಕ್ಕೆ ಸೇರಿಸಲಿಲ್ಲ. ಅವನು ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತು.

ಪತ್ರಿಕೆಯಲ್ಲಿ ತಿದ್ದುಪಡಿ ಹಾಕಿಸಲು ಓಡಾಡಿದೆವು. ಎಂಟು ದಿನಗಳ ಮೇಲೆ ಒಳಪುಟದಲ್ಲಿ, ಬಾಡಿಗೆ ಮನೆಗಳ ಜಾಹೀರಾತಿನ ಬಗಲಿಗೆ, ಎರಡು ಸಾಲು ಬಂದಿತು. ಚಿತ್ರ ನೋಡಿದವರಲ್ಲಿ ಅದನ್ನು ಓದಿದವರೆಷ್ಟು ಮಂದಿಯೋ! ಕಡೆಗೆ ನಾವೇ ಅವನೊಡನೆ ಚಾಳಕ್ಕೆ ಹೋಗಿ, ಕೆಳಗಿನ ಓಣಿಯಲ್ಲಿ ನಿಂತು, ತಪ್ಪು ನಮ್ಮದೆಂದು ಹೇಳಿದೆವು. ಕೆಲವರು ತಲೆಯಾಡಿಸಿದರು. ಒಬ್ಬ ಮುದುಕ, ದುಡ್ಡು ಎಷ್ಟು ಕೊಟ್ಟ, ಹೀಗೆ ಹೇಳುವುದಕ್ಕೆ, ಎಂದು ಮರಾಠಿಯಲ್ಲಿ ಕೇಳಿದ. ಆ ಬೇಸಗೆಯಲ್ಲಿ ಆ ಕುಟುಂಬ ಊರಿಗೆ ಹೋಯಿತು. ಮುಷ್ಕರದಿಂದ ಊರಿಗೆ ಹೋದವರು ಸಾವಿರಾರು. ಅವರು ಮುಷ್ಕರದಿಂದ ಹೋದರೋ, ನಮ್ಮ ಚಿತ್ರದಿಂದ ಹೋದರೋ, ಆ ಲೆಕ್ಕ ನಮಗಿನ್ನೂ ಬಗೆಹರಿದಿಲ್ಲ.

ಅಂದಿನಿಂದ ಕ್ಯಾಮೆರಾದ ಚೀಲದಲ್ಲಿ ಒಂದು ಪುಸ್ತಕ, ಒಂದು ಪೆನ್ಸಿಲು ಇಟ್ಟೆವು. ಪೆನ್ಸಿಲು ಏಕೆಂದರೆ ಮಳೆಗಾಲದಲ್ಲಿ ಶಾಯಿ ಹರಡುತ್ತದೆ.

ಇದು ನಮ್ಮಂತಹ ಸಣ್ಣವರು ಮಾತ್ರ ಮಾಡುವ ತಪ್ಪೆಂದು ತಿಳಿಯಬೇಡಿ. ಅಮೆರಿಕೆಯ ಡೊರೊಥಿಯಾ ಲ್ಯಾಂಗ್ ಎಂಬವರು 1936ರ ಮಾರ್ಚಿನಲ್ಲಿ, ಕ್ಯಾಲಿಫೋರ್ನಿಯದ ನಿಪೋಮೊ ಎಂಬಲ್ಲಿ ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ, ಮಕ್ಕಳನ್ನು ಮೈಗೆ ಅಂಟಿಸಿಕೊಂಡು ಕುಳಿತ ತಾಯಿಯೊಬ್ಬಳ ಚಿತ್ರ ತೆಗೆದರು. ಸರಕಾರದ ಕೆಲಸದ ಮೇಲೆ ಹೋಗಿದ್ದರು. ಜಗತ್ತಿನಲ್ಲಿ ಅತಿ ಹೆಚ್ಚು ಜನ ಕಂಡ ಚಿತ್ರಗಳಲ್ಲಿ ಅದೊಂದು, ನೀವೂ ಕಂಡಿರುತ್ತೀರಿ. ಅದು ಪತ್ರಿಕೆಯಲ್ಲಿ ಬಂದ ಮೇಲೆ ಆ ಬಿಡಾರಕ್ಕೆ ಸರಕಾರದಿಂದ ಆಹಾರ ಹೋಯಿತು. ಅಷ್ಟರ ಮಟ್ಟಿಗೆ ಆ ಚಿತ್ರ ಲೋಕೋಪಕಾರವನ್ನೇ ಮಾಡಿತು. ಆದರೆ ಆ ತಾಯಿ ಅಷ್ಟರೊಳಗೆ ಬೇರೆ ಊರಿಗೆ ಕೂಲಿ ಹುಡುಕಿಕೊಂಡು ಹೋಗಿದ್ದಳು. ಲ್ಯಾಂಗ್ ಆಕೆಯ ವಯಸ್ಸು ಕೇಳಿದ್ದರು, ಹೆಸರು ಕೇಳಿರಲಿಲ್ಲ. ಇದನ್ನು ಅವರೇ ಮುಂದೆ ಬರೆದಿದ್ದಾರೆ. ಊಟಕ್ಕಾಗಿ ಮೋಟಾರಿನ ಟೈರುಗಳನ್ನು ಮಾರಿಕೊಂಡರೆಂದು ಚಿತ್ರದೊಡನೆ ಬಂದ ವಿವರ ತಮ್ಮದಲ್ಲವೆಂದು ಮನೆಯವರು ಮುಂದೆ ಹೇಳಿದರು. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಲೋಕಕ್ಕೆ ತಿಳಿದುದು 1978ರಲ್ಲಿ, ನಾಲ್ವತ್ತೆರಡು ವರ್ಷಗಳ ಮೇಲೆ. ಅಷ್ಟು ವರ್ಷ ಆಕೆ ತನ್ನದೇ ಮುಖವನ್ನು, 'ಬಡತನ' ಎಂಬ ಹೆಸರಿನಲ್ಲಿ, ಅಲ್ಲಲ್ಲಿ ಕಾಣುತ್ತ ಬಾಳಿದಳು. ಅದರ ಬೇಸರ ಆಕೆಗೂ ಮಕ್ಕಳಿಗೂ ಇತ್ತು. 1983ರಲ್ಲಿ ಆಕೆ ಮರಣಶಯ್ಯೆಯಲ್ಲಿದ್ದಾಗ ಮಕ್ಕಳು ಸಹಾಯ ಬೇಡಿದರು. ಆ ಚಿತ್ರ ತಮಗೇನಾಗಿತ್ತೆಂದು ಜನ ಹಣದೊಡನೆ ಪತ್ರ ಬರೆದರು. ಆಗ ಮಕ್ಕಳ ಮನಸ್ಸು ಸ್ವಲ್ಪ ತಿಳಿಯಾಯಿತಂತೆ. ಆ ಪತ್ರಗಳು ಅಷ್ಟು ತಡವಾಗಿ ಬರಬೇಕಾಗಿರಲಿಲ್ಲ ಎಂಬುದು ನಮ್ಮ ಭಾವನೆ.

ಹೆಸರು ಕೇಳಲಾಗದ ಸಂದರ್ಭವೂ ಇದೆ. 1984ರ ಡಿಸೆಂಬರಿನಲ್ಲಿ ಭೋಪಾಲದ ವಿಷಾನಿಲ ದುರಂತದ ಮೇಲೆ, ಮಣ್ಣಿನಲ್ಲಿ ಹೂಳುತ್ತಿದ್ದ ಒಂದು ಕೂಸಿನ ಮುಖವನ್ನು ರಘು ರಾಯ್, ಪಾಬ್ಲೊ ಬಾರ್ತಲೋಮ್ಯು ಇಬ್ಬರೂ ತೆಗೆದರು. ಒಬ್ಬರದು ಕಪ್ಪುಬಿಳುಪು, ಒಬ್ಬರದು ಬಣ್ಣದ್ದು. ಬಾರ್ತಲೋಮ್ಯು ಅವರದಕ್ಕೆ ಆ ವರ್ಷದ ವರ್ಲ್ಡ್ ಪ್ರೆಸ್ ಫೋಟೋ ಪ್ರಶಸ್ತಿ ಬಂದಿತು. ಆ ಕೂಸಿನ ಹೆಸರು ಇಂದಿಗೂ ಗೊತ್ತಿಲ್ಲ. ಅದನ್ನು ಅವರು 'ಅಜ್ಞಾತ' ಎಂದೇ ಬರೆದರು, ಕಥೆ ಕಟ್ಟಲಿಲ್ಲ. ಗೊತ್ತಿಲ್ಲದುದನ್ನು ಗೊತ್ತಿಲ್ಲವೆಂದು ಬರೆಯುವುದೂ ಅಡಿಬರಹವೇ. ನಮ್ಮ ಗಿರಣಿಯ ಚಿತ್ರದ ಕೆಳಗೆ 'ಗಿರಣಿಯ ಬಾಗಿಲಲ್ಲಿ ಒಬ್ಬರು, ಬೆಳಗಿನ ಎಂಟು ಗಂಟೆಗೆ' ಎಂದಷ್ಟೇ ಇದ್ದಿದ್ದರೆ ಯಾರ ಕೊಡವೂ ಸರಿಯುತ್ತಿರಲಿಲ್ಲ.

ಇನ್ನು ಕೆಲಸದ ಮಾತು. ಚಿತ್ರಕ್ಕೆ ಮೊದಲೋ ಆಮೇಲೋ ಕೇಳಬೇಕು ಎಂಬುದು ಒಂದು ಚೀಟಿಯಲ್ಲಿದೆ. ಓಡುತ್ತಿರುವ ಘಟನೆಯಾದರೆ ಮೊದಲು ಚಿತ್ರ, ಕೂಡಲೇ ಹೆಸರು. ಸಾವಧಾನವಿದ್ದಲ್ಲಿ ಮೊದಲು ಮಾತು. ಹೆಸರನ್ನು ನೀವು ಊಹಿಸಿ ಬರೆಯಬೇಡಿ, ಅವರ ಕೈಯಲ್ಲೇ ಪೆನ್ಸಿಲು ಕೊಡಿ. ಬರೆಯಬಾರದವರಾದರೆ ಎರಡು ಸಲ ಹೇಳಿಸಿ, ಮೂರನೆಯ ಸಲ ನೀವು ಓದಿ ಹೇಳಿ. ಗುಂಪಾದರೆ ಎಡದಿಂದ ಬಲಕ್ಕೆ, ನಿಂತವರು ಬೇರೆ, ಕುಳಿತವರು ಬೇರೆ. ಏನು ಮಾಡುತ್ತಿದ್ದೀರಿ ಎಂದು ಕೇಳಿರಿ. ಕಣ್ಣಿಗೆ ಕಂಡುದೇ ನಿಜವೆಂದು ನಂಬಬೇಡಿ. ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಿಮಗೆ ಮನೆಯಲ್ಲಿ ಕನ್ನಡವೋ ತುಳುವೋ, ಬೀದಿಯಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ ಬರುತ್ತದೆ. ಇದಕ್ಕಿಂತ ದೊಡ್ಡ ಲೆನ್ಸು ಯಾವ ಅಂಗಡಿಯಲ್ಲಿಯೂ ಸಿಕ್ಕದು.

ಕೇಳಿದ ಹೆಸರನ್ನೆಲ್ಲ ಅಚ್ಚು ಹಾಕಬೇಕೆಂದಿಲ್ಲ. ಅತ್ಯಾಚಾರಕ್ಕೆ ಗುರಿಯಾದವರ ಗುರುತನ್ನು ಹೊರಗೆಡಹುವುದು ಭಾರತೀಯ ನ್ಯಾಯ ಸಂಹಿತೆಯ 72ನೆಯ ಕಲಮಿನಂತೆ ಅಪರಾಧ. ಮಕ್ಕಳ ವಿಷಯದಲ್ಲಿ 2012ರ ಪೋಕ್ಸೊ ಕಾಯಿದೆಯ 23ನೆಯ ಕಲಮಿದೆ. ಹೆಸರಿಲ್ಲದಿದ್ದರೂ ಮನೆಯ ಬಾಗಿಲು, ಶಾಲೆಯ ಸಮವಸ್ತ್ರ ಕಂಡರೆ ಸಾಕು, ಗುರುತು ಹೊರಬಿದ್ದಂತೆಯೇ. ಕಾಯಿದೆ ಹೇಳದ ಕಡೆಯಲ್ಲಿಯೂ, ನಾಳೆ ಈ ಚಿತ್ರ ಅವರ ಓಣಿಗೆ ಹೋದರೆ ಏನಾದೀತು ಎಂದು ಒಮ್ಮೆ ಯೋಚಿಸಿರಿ. ಈಗ ಅದು ನಾಲ್ಕು ದಿನ ತೆಗೆದುಕೊಳ್ಳುವುದಿಲ್ಲ, ನಾಲ್ಕು ನಿಮಿಷ ಸಾಕು.

ಚಿತ್ರವನ್ನು ತಿದ್ದುವ ಬಗ್ಗೆಯೂ ಕೇಳಿದ್ದಾರೆ. 2006ರಲ್ಲಿ ಬೇರೂತಿನ ಮೇಲಿನ ಬಾಂಬುದಾಳಿಯ ಚಿತ್ರವೊಂದರಲ್ಲಿ ಹೊಗೆಯನ್ನು ಹೆಚ್ಚಿಸಿ ತೋರಿಸಿದ್ದು ಬೆಳಕಿಗೆ ಬಂದಾಗ, ರಾಯಿಟರ್ಸ್ ಸಂಸ್ಥೆ ಆ ಛಾಯಾಗ್ರಾಹಕನ 920 ಚಿತ್ರಗಳನ್ನೂ ಮಾರಾಟದಿಂದ ಹಿಂದಕ್ಕೆ ತೆಗೆದುಕೊಂಡಿತು. ಹೊಗೆ ಹೇಗೂ ಇತ್ತು. ಇನ್ನಷ್ಟು ಬೇಕೆಂಬ ಆಸೆಗೆ ಉಳಿದುದೆಲ್ಲ ಹೋಯಿತು. ಈಗಂತೂ ಇಲ್ಲದ ಮನುಷ್ಯನನ್ನೇ ಯಂತ್ರ ಚಿತ್ರಿಸಿಕೊಡುತ್ತದೆ. ಆದುದರಿಂದ ಮೂಲ ಕಡತವನ್ನು ಅಳಿಸಬೇಡಿ. ಕಡತದೊಳಗೇ ಅಡಿಬರಹ, ತಾರೀಖು, ನಿಮ್ಮ ಹೆಸರು ಸೇರಿಸುವ ಸೌಕರ್ಯವಿದೆ, ಉಪಯೋಗಿಸಿರಿ. ವಾಟ್ಸಪ್ಪಿನಲ್ಲಿ ಬರಿಯ ಚಿತ್ರವಾಗಿ ಕಳುಹಿಸಿದರೆ ಆ ವಿವರ ದಾರಿಯಲ್ಲೇ ಉದುರಿಹೋಗುತ್ತದೆ ಎಂಬುದೂ ನೆನಪಿರಲಿ.

ನಿಮ್ಮ ಹೆಸರೆಂದೆವಲ್ಲ, ಅದೂ ಮುಖ್ಯವೇ. ಹೋಮಾಯಿಯವರ ಮೊದಮೊದಲಿನ ಚಿತ್ರಗಳು ಅಚ್ಚಾದುದು ಪತಿಯ ಹೆಸರಿನಲ್ಲಿ. 1972ರಲ್ಲಿ ವಿಯೆಟ್ನಾಮಿನಲ್ಲಿ ಬಾಂಬಿನ ಬೆಂಕಿಯಿಂದ ಸುಟ್ಟು ಓಡಿಬರುತ್ತಿದ್ದ ಬಾಲಿಕೆಯ ಚಿತ್ರವಿದೆಯಲ್ಲ, ಆ ಬಾಲಿಕೆ ಕಿಮ್ ಫುಕ್ ಎಂಬುದು ಎಲ್ಲರಿಗೂ ಗೊತ್ತು. ತೆಗೆದವರು ನಿಕ್ ಉಟ್ ಎಂದೇ ಐವತ್ತು ವರ್ಷ ನಂಬಿದ್ದೆವು. 2025ರಲ್ಲಿ ಅದಕ್ಕೆ ವಿವಾದ ಎದ್ದು, ವರ್ಲ್ಡ್ ಪ್ರೆಸ್ ಫೋಟೋ ಸಂಸ್ಥೆ ಆ ಹೆಸರನ್ನು ತಡೆಹಿಡಿಯಿತು. ಅಸೋಸಿಯೇಟೆಡ್ ಪ್ರೆಸ್ ಬದಲಿಸಲಿಲ್ಲ. ಯಾರದು ಸರಿಯೆಂದು ಹೇಳಲು ನಾವು ಯಾರು? ಬರೆದಿಟ್ಟುದು ಗಟ್ಟಿಯಾಗಿದ್ದರೆ ಇಬ್ಬರು ಮುದುಕರ ಕಡೆಗಾಲ ಹೀಗಾಗುತ್ತಿರಲಿಲ್ಲ.

ಗಡಿಯಾರ ನೋಡುತ್ತಿದ್ದೀರಿ. ಇನ್ನೊಂದೇ ಮಾತು. ಅಧ್ಯಕ್ಷರ ತಲೆಯ ಮೇಲೆ, ಗೋಡೆಯಲ್ಲಿ, ಈ ವಾಚನಾಲಯದ ಆರಂಭದ ದಿನದ ಚಿತ್ರ ತೂಗುತ್ತಿದೆ. ಹದಿನೆಂಟು ಜನರಿದ್ದಾರೆ. ಕೆಳಗೆ ಒಂದಕ್ಷರವಿಲ್ಲ. ನಡುವೆ ಕುಳಿತ ಪೇಟದವರು ಯಾರೆಂದು ನಾವು ಇಂದು ಬೆಳಿಗ್ಗೆ ಮೂವರನ್ನು ಕೇಳಿದೆವು. ಮೂರು ಹೆಸರು ಬಂದವು. ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕುಳಿತ, ಗುಂಡಿ ಕಿತ್ತ ಅಂಗಿಯ ಹುಡುಗನಿದ್ದಾನಲ್ಲ, ಅವರು ಈಗ ಹಿಂದಿನ ಬೆಂಚಿನಲ್ಲಿ ಕುಳಿತಿದ್ದಾರೆ. ಅವರಿಗೆ ಎಂಬತ್ತಾರು. ಕಿವಿ ಸ್ವಲ್ಪ ಮಂದ, ನೆನಪು ಚೊಕ್ಕವಾಗಿದೆ, ಗುರುವಾರ ಸಂಜೆ ಮನೆಯಲ್ಲಿರುತ್ತಾರಂತೆ. ಚೀಟಿ ಬರೆದ ಹದಿನಾಲ್ಕು ಜನರೂ ಹೋಗಿರಿ. ಕ್ಯಾಮೆರಾ ಬೇಡ, ಪೆನ್ಸಿಲು ತೆಗೆದುಕೊಂಡು ಹೋಗಿರಿ. ಹದಿನೆಂಟರಲ್ಲಿ ಎಷ್ಟು ಸಿಕ್ಕುತ್ತವೆಯೋ ಅಷ್ಟನ್ನು ಬರೆದು ತಂದು ಗ್ರಂಥಪಾಲರ ಕೈಯಲ್ಲಿ ಕೊಡಿರಿ; ಮುಂದಿನ ಸಂಚಿಕೆಯಲ್ಲಿ ಚಿತ್ರದೊಡನೆ ಅಚ್ಚು ಹಾಕುವುದಾಗಿ ಕಾರ್ಯದರ್ಶಿಗಳು ಒಪ್ಪಿದ್ದಾರೆ.