ಸಮಗಾರ ಅಜ್ಜನಿಗೆ ತುಟ್ಟಿಭತ್ಯೆ ಯಾವಾಗ?



ಬೇಡಕಿಹಾಳದಂಥ ಊರುಗಳಲ್ಲಿ ರಂಪಿಗೆ ಹಿಡಿದು ಕೂತ ಮುದುಕರನ್ನು ನೋಡಿದ್ದೀರಿ. ನಿಮ್ಮಲ್ಲಿ ಕೆಲವರಿಗೆ ಅವರು ಸ್ವಂತ ಅಜ್ಜಂದಿರು. ತೊಗಲು ತುಟ್ಟಿ, ದಾರ ತುಟ್ಟಿ, ಎಣ್ಣಿ, ಬ್ಯಾಳಿ, ಗುಳಿಗಿ ಎಲ್ಲಾ ತುಟ್ಟಿ. ಹೊಲಿಗೆಯ ದರ ಮಾತ್ರ ಏರಿಸಂಗಿಲ್ಲ. ಐದು ರೂಪಾಯಿ ಹೆಚ್ಚು ಕೇಳಿದರೆ ಗಿರಾಕಿ ಪ್ಲಾಸ್ಟಿಕ್ ಚಪ್ಪಲಿ ಕೊಳ್ಳತಾನ. ಅವನೂ ಬಡವ, ಬೈದು ಫಲವಿಲ್ಲ.

ಸರಕಾರಿ ನೌಕರನಿಗೆ ಬೆಲೆ ಏರಿದಂತೆ ತುಟ್ಟಿಭತ್ಯೆ ಏರುತ್ತದೆ. ಏರಲಿ, ನ್ಯಾಯವೇ. ಅರವತ್ತೈದು ದಾಟಿದ ಸಮಗಾರನಿಗೆ ಏನಿದೆ? ಸಂಧ್ಯಾ ಸುರಕ್ಷಾ. ಅದು 2021ರಲ್ಲಿ 1000ದಿಂದ 1200 ರೂಪಾಯಿ ಆಯಿತು. ಅಂದರೆ ದಿನಕ್ಕೆ 40! ಇನ್ನು ವೃದ್ಧಾಪ್ಯ ವೇತನದಲ್ಲಿ ಎಂಬತ್ತರೊಳಗಿನವರಿಗೆ ಕೇಂದ್ರದ ಪಾಲು 2007ರಲ್ಲೂ 200, 2025ರಲ್ಲೂ 200. ಈ ಹದಿನೆಂಟು ವರ್ಷ ಬೆಲೆಗಳು ನಿದ್ದೆ ಹೋಗಿದ್ದವೇನು?

ಕಸುಬಿಗೆ ಹೆಸರೇನೋ ಬಂತು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಿತು, ನಮ್ಮ ಬೆಳಗಾವಿ ಜಿಲ್ಲೆಯೂ ಅದರಲ್ಲಿದೆ. 2025ರ ಜೂನ್‌ನಲ್ಲಿ ಪ್ರಾಡಾ ಎಂಬ ಇಟಲಿ ಕಂಪನಿ ಅದೇ ನಮೂನೆ ಮಿಲಾನಿನಲ್ಲಿ ಮೆರೆಸಿತು. ಹೆಸರಿನಿಂದ ಅಜ್ಜನಿಗೆ ಜೋಳ ಬರಲಿಲ್ಲ.

ಪಿಂಚಣಿಯನ್ನು ಬೆಲೆ ಸೂಚ್ಯಂಕಕ್ಕೆ ಕಟ್ಟಬೇಕು. ನೌಕರನಿಗೆ ಏರಿದ ದಿನವೇ ಅಜ್ಜನಿಗೂ ಏರಬೇಕು. ರಜೆಗೆ ಊರಿಗೆ ಹೋದಾಗ ಮುದುಕರ ಪಾಸ್‌ಬುಕ್ ಓದ್ರಿ, ಯಾವ ತಿಂಗಳು ಎಷ್ಟು ಬಂತು, ಯಾವ ತಿಂಗಳು ಬರಲಿಲ್ಲ, ಬರಕೊಳ್ರಿ. ಆ ಹಾಳೆ ಹಿಡಿದು ನಿಪ್ಪಾಣಿ ತಹಶೀಲ್ದಾರರ ಮುಂದೆ ನಿಲ್ಲೋಣ.